ಗಣಿತದ ಮಕ್ಕಳನ್ನು ಹುಡುಕುವ ಬಗೆ

1963ರ ಡಿಸೆಂಬರ್‌ನಲ್ಲಿ ಮಾಸ್ಕೊ ನಗರದ ಪಶ್ಚಿಮದ ಅಂಚಿನಲ್ಲಿ 18ನೇ ನಂಬರಿನ ವಸತಿ ಶಾಲೆ ಶುರುವಾಯಿತು. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಅಸಾಧಾರಣ ಒಲವಿರುವ ಹೈಸ್ಕೂಲು ಮಕ್ಕಳಿಗೆಂದೇ ತೆರೆದ ಶಾಲೆ ಅದು. ಅದರ ಬೆನ್ನಿಗೆ ನಿಂತವರು ಗಣಿತಜ್ಞ ಆಂದ್ರೆ ಕೊಲ್ಮೊಗೊರೊವ್ ಮತ್ತು ಭೌತವಿಜ್ಞಾನಿ ಇಸಾಕ್ ಕಿಕೊಯಿನ್. ಕೊಲ್ಮೊಗೊರೊವ್‌ಗೆ ಆಗ 60 ವರ್ಷ. ಸಂಭವನೀಯತೆಯ ಗಣಿತಕ್ಕೆ 1933ರಲ್ಲೇ ತಳಪಾಯ ಹಾಕಿಕೊಟ್ಟು ಲೋಕಪ್ರಸಿದ್ಧರಾಗಿದ್ದ ಅವರು, ಮುಂದೆ ಅನೇಕ ವರ್ಷ ಆ ಹುಡುಗ ಹುಡುಗಿಯರಿಗೆ ತಾವೇ ಪಾಠ ಹೇಳಿದರು. ಕಾಡಿನ ದಾರಿಯಲ್ಲಿ ನಡೆಸಿಕೊಂಡು ಹೋದರು, ಸಂಜೆ ಕೂರಿಸಿಕೊಂಡು ಸಂಗೀತ ಕೇಳಿಸಿದರು. ಆ ಶಾಲೆಗೆ ಮಾಸ್ಕೊದ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ರಾಜಧಾನಿಯ ಮಕ್ಕಳಿಗೆ ವಿಶ್ವವಿದ್ಯಾಲಯದ ಗಣಿತ ಕೂಟಗಳಿವೆ, ಬೇರೆ ವಿಶೇಷ ಶಾಲೆಗಳಿವೆ. ದೂರದ ಊರಿನ ಮಗುವಿಗೆ ಏನಿದೆ ಎಂಬುದು ಅದರ ಹಿಂದಿನ ಯೋಚನೆ.

ಇಂಥ ಶಾಲೆಗಳು ಬೇಕೇ ಬೇಡವೇ ಎಂಬ ವಾದ ಹಳೆಯದು. ಬುದ್ಧಿವಂತರನ್ನು ಬೇರೆ ಕೂರಿಸಿದರೆ ಸಮಾನತೆಗೆ ಧಕ್ಕೆ ಎನ್ನುವವರು ಸೋವಿಯತ್ ಶಿಕ್ಷಣ ಇಲಾಖೆಯಲ್ಲೂ ಇದ್ದರು, ಇವತ್ತು ನ್ಯೂಯಾರ್ಕಿನಲ್ಲೂ ಇದ್ದಾರೆ. ಆ ವಾದವನ್ನು ಬದಿಗಿಟ್ಟು ಅದಕ್ಕಿಂತ ಮೊದಲಿನದೊಂದು ಪ್ರಶ್ನೆಯನ್ನು ನೋಡುವುದು ಈ ಲೇಖನದ ಉದ್ದೇಶ: ಶಾಲೆ ಇದೆ ಎಂದಾದ ಮೇಲೆ, ಅದರೊಳಕ್ಕೆ ಯಾವ ಮಗು ಬರಬೇಕೆಂದು ತಿಳಿಯುವುದು ಹೇಗೆ? ಪ್ರವೇಶದ ಈ ಹಂತದಲ್ಲೇ ಒಳ್ಳೆಯ ಉದ್ದೇಶಗಳು ಕೆಟ್ಟಿವೆ, ಕೆಲವು ಕಡೆ ಮಾತ್ರ ಅಪರೂಪಕ್ಕೆ ಗೆದ್ದಿವೆ.

ಗೆದ್ದ ಕಡೆಯಿಂದಲೇ ಆರಂಭಿಸೋಣ. ಮಾಸ್ಕೊಗಿಂತ ಕೆಲವು ತಿಂಗಳು ಮೊದಲೇ, 1963ರ ಜನವರಿಯಲ್ಲಿ, ಸೈಬೀರಿಯದ ನೊವೊಸಿಬಿರ್ಸ್ಕ್ ಬಳಿಯ ವಿಜ್ಞಾನಿಗಳ ಪಟ್ಟಣ ಅಕಾದೆಮ್‌ಗೊರೊದೊಕ್‌ನಲ್ಲಿ ಇಂಥದೇ ಶಾಲೆ ಹುಟ್ಟಿತ್ತು. ಗಣಿತಜ್ಞರಾದ ಮಿಖಾಯಿಲ್ ಲಾವ್ರೆಂತ್ಯೆವ್, ಅಲೆಕ್ಸಿ ಲ್ಯಾಪುನೊವ್ ಮೊದಲಾದವರು ಅದರ ಕರ್ತೃಗಳು. ಅವರ ಮುಂದಿದ್ದ ಸಮಸ್ಯೆ ಭೂಗೋಳದ್ದು. ಉರಾಲ್ ಪರ್ವತದಿಂದ ಪೆಸಿಫಿಕ್ ಕಡಲಿನ ತನಕ ಹರಡಿದ ನಾಡಿನಲ್ಲಿ, ಗಣಿತದ ಮೇಷ್ಟರೇ ಇಲ್ಲದ ಹಳ್ಳಿಗಳಲ್ಲಿ, ಮಕ್ಕಳನ್ನು ಹುಡುಕಬೇಕು. ಅದಕ್ಕೆ 1962ರಲ್ಲಿ ಅಖಿಲ ಸೈಬೀರಿಯ ಒಲಿಂಪಿಯಾಡ್ ಶುರುಮಾಡಿದರು. ಮೊದಲ ಸುತ್ತು ಅಂಚೆಯಲ್ಲಿ. ಲೆಕ್ಕಗಳು ಮಗುವಿನ ಊರಿಗೇ ಹೋಗುತ್ತಿದ್ದವು. ಮನೆಯಲ್ಲಿ ಕೂತು, ಬೇಕಾದಷ್ಟು ದಿನ ತಲೆಕೆಡಿಸಿಕೊಂಡು, ಬಿಡಿಸಿದಷ್ಟನ್ನು ಬರೆದು ಕಳಿಸಬಹುದಿತ್ತು. ಎರಡನೆಯ ಸುತ್ತು ಪ್ರಾಂತ್ಯದ ಕೇಂದ್ರದಲ್ಲಿ ನಡೆಯುತ್ತಿತ್ತು; ಅಲ್ಲಿಗೆ ಅಕಾದೆಮ್‌ಗೊರೊದೊಕ್‌ನ ವಿಜ್ಞಾನಿಗಳೇ ಹೋಗಿ ಮಕ್ಕಳ ಜತೆ ಕೂತು ಮಾತಾಡುತ್ತಿದ್ದರು. ಮೂರನೆಯದು ಬೇಸಿಗೆ ಶಾಲೆ. ಗೆದ್ದ ಮಕ್ಕಳನ್ನೆಲ್ಲ ವಿಜ್ಞಾನಿಗಳ ಪಟ್ಟಣಕ್ಕೆ ಕರೆಸಿ ಕೆಲವು ವಾರ ಪಾಠ ಹೇಳುತ್ತಿದ್ದರು, ಪ್ರಯೋಗಾಲಯ ತೋರಿಸುತ್ತಿದ್ದರು, ಸಂಶೋಧಕರ ಜತೆ ಹರಟಲು ಬಿಡುತ್ತಿದ್ದರು. ಯಾರನ್ನು ಶಾಲೆಗೆ ಸೇರಿಸಿಕೊಳ್ಳಬೇಕೆಂಬ ತೀರ್ಮಾನ ಆಗುತ್ತಿದ್ದುದು ಅದೆಲ್ಲ ಮುಗಿದ ಮೇಲೆ. ಕೊಲ್ಮೊಗೊರೊವ್ ಕೂಡ 1963ರ ಬೇಸಿಗೆಯಲ್ಲಿ ಮಾಸ್ಕೊ ಹೊರಗಿನ ಕ್ರಾಸ್ನೊವಿದೊವೊದಲ್ಲಿ ಇಂಥ ಶಿಬಿರ ನಡೆಸಿ, ಅಲ್ಲಿಂದಲೇ ತಮ್ಮ ಶಾಲೆಯ ಮೊದಲ ತಂಡಕ್ಕೆ ಮಕ್ಕಳನ್ನು ಆರಿಸಿಕೊಂಡರು.

ಈ ಕ್ರಮದ ಸೊಗಸು ಸ್ವಲ್ಪ ನಿಂತು ನೋಡಬೇಕಾದ್ದು. ಒಂದು ಬೆಳಗಿನ ಎರಡು ಗಂಟೆಯ ಪರೀಕ್ಷೆ ಅಳೆಯುವುದು ಮಗು ಈವರೆಗೆ ಏನು ಕಲಿತಿದೆ, ಯಾರ ಬಳಿ ಕಲಿತಿದೆ ಎಂಬುದನ್ನು. ಮೂರು ವಾರದ ಶಿಬಿರ ಅಳೆಯುವುದು ಬೇರೆಯದನ್ನು: ಎಲ್ಲರಿಗೂ ಹೊಸದಾದ ವಿಷಯ ಕೊಟ್ಟಾಗ ಯಾರು ಎಷ್ಟು ದೂರ ಹೋಗುತ್ತಾರೆ, ಯಾರಿಗೆ ರಾತ್ರಿ ಊಟದ ಹೊತ್ತಿನಲ್ಲೂ ಲೆಕ್ಕ ಬಿಡುವುದಿಲ್ಲ, ಯಾರು ಮೊದಲ ವಾರ ತತ್ತರಿಸಿ ಮೂರನೆಯ ವಾರ ಮುಂದಾಗುತ್ತಾರೆ. ಒಳ್ಳೆಯ ಮೇಷ್ಟರು ಸಿಕ್ಕ ಮಗುವಿಗೂ ಸಿಗದ ಮಗುವಿಗೂ ನಡುವಿನ ಅಂತರವನ್ನು ಆ ಮೂರು ವಾರ ಪೂರ್ತಿ ಅಳಿಸದಿದ್ದರೂ ತಗ್ಗಿಸುತ್ತದೆ. ಇನ್ನೊಂದು ಮಾತೂ ಇದೆ, ನನಗೆ ಅದು ಹೆಚ್ಚು ಮುಖ್ಯ: ಆಯ್ಕೆಯಾಗದ ಮಗು ಕೂಡ ಬರಿಗೈಯಲ್ಲಿ ಊರಿಗೆ ಹೋಗುವುದಿಲ್ಲ. ಸಿಂಗಪುರದಲ್ಲಿ 2005ರಲ್ಲಿ ಆರಂಭವಾದ, ಗಣಿತ ಮತ್ತು ವಿಜ್ಞಾನಕ್ಕೆಂದೇ ಇರುವ ಎನ್‌ಯುಎಸ್ ಹೈಸ್ಕೂಲು ಲಿಖಿತ ಪರೀಕ್ಷೆಯ ಮೇಲೆ ಆಯ್ಕೆ ಶಿಬಿರವನ್ನೂ ನಡೆಸುತ್ತದೆ. ಮಕ್ಕಳನ್ನು ಹತ್ತಿರದಿಂದ ನೋಡಬೇಕೆಂದು ಹೊರಟವರು ಬೇರೆ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದಾರೆ.

ಹತ್ತಿರದಿಂದ ನೋಡುವುದೆಂದರೆ ಏನನ್ನು ನೋಡುವುದು? ಸೋವಿಯತ್ ಮನಶ್ಶಾಸ್ತ್ರಜ್ಞ ವಾದಿಮ್ ಕ್ರುತೆತ್ಸ್ಕಿ ಹತ್ತು ವರ್ಷಕ್ಕೂ ಮೀರಿ ಶಾಲಾಮಕ್ಕಳಿಗೆ ಲೆಕ್ಕ ಕೊಟ್ಟು, ಬಿಡಿಸುವಾಗ ಗಟ್ಟಿಯಾಗಿ ಯೋಚಿಸಲು ಹೇಳಿ, ಬರೆದುಕೊಂಡು, 1968ರಲ್ಲಿ ದೊಡ್ಡದೊಂದು ಪುಸ್ತಕ ತಂದರು. ಅವರ ಕಾಣ್ಕೆಗಳಲ್ಲಿ ಒಂದು ನಮ್ಮ ಮನೆಮಾತಿಗೆ ನೇರ ವಿರುದ್ಧವಾದದ್ದು. ಮಗ್ಗಿ ಪಟಪಟನೆ ಹೇಳುವುದು, ಬಾಯಿಲೆಕ್ಕದ ಚುರುಕು, ಅಂಕಿಗಳ ನೆನಪು, ಬೇಗ ಮುಗಿಸುವುದು ಇವು ಯಾವುವೂ ಗಣಿತದ ಪ್ರತಿಭೆಗೆ ಕಡ್ಡಾಯವಲ್ಲ. ಇದ್ದರೆ ಸಂತೋಷ, ಇಲ್ಲದಿದ್ದರೂ ದೊಡ್ಡ ಗಣಿತಜ್ಞ ಆಗಬಹುದು. ನಿಜವಾಗಿ ಬೇರೆ ಎದ್ದು ಕಾಣುವುದು ಲೆಕ್ಕದ ಒಳಮೈಯನ್ನು ಹಿಡಿಯುವ ಶಕ್ತಿ. ತಿಂಗಳು ಕಳೆದ ಮೇಲೆ ಕೇಳಿದರೆ ಅಂಥ ಮಗು ಲೆಕ್ಕದಲ್ಲಿದ್ದ ಸಂಖ್ಯೆಗಳನ್ನು ಮರೆತಿರುತ್ತದೆ, ಲೆಕ್ಕ ಯಾವ ಜಾತಿಯದು, ಬಿಡಿಸಿದ ಯುಕ್ತಿ ಯಾವುದು ಎಂಬುದನ್ನು ಮರೆತಿರುವುದಿಲ್ಲ. ಸಾಧಾರಣ ಮಗುವಿಗೆ ನೆನಪಿರುವುದು ಇದಕ್ಕೆ ತದ್ವಿರುದ್ಧ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ರಷ್ಯಾದ ಗಣಿತ ಕೂಟಗಳಲ್ಲಿ ಹನ್ನೊಂದು ಹನ್ನೆರಡರ ಮಕ್ಕಳಿಗೆ ಕೊಡುವ ಬಗೆಯ ಪ್ರಶ್ನೆ ಇದು. 1ರಿಂದ 10ರ ತನಕ ಸಂಖ್ಯೆಗಳನ್ನು ಸಾಲಾಗಿ ಬರೆ. ನಡುನಡುವೆ ನಿನ್ನಿಷ್ಟದಂತೆ ಕೂಡುವ ಚಿಹ್ನೆಯನ್ನೋ ಕಳೆಯುವ ಚಿಹ್ನೆಯನ್ನೋ ಹಾಕಿ ಉತ್ತರ ಸೊನ್ನೆ ಬರುವಂತೆ ಮಾಡು. ಮಕ್ಕಳೆಲ್ಲ ಹಾಕಿ ನೋಡುತ್ತಾರೆ. 1 ಬರುತ್ತದೆ, 3 ಬರುತ್ತದೆ, ಸೊನ್ನೆ ಬರುವುದಿಲ್ಲ. ಒಂದು ಮಗು ‘ಆಗುವುದಿಲ್ಲ’ ಎಂದು ಕೈಬಿಡುತ್ತದೆ. ಇನ್ನೊಂದು ಮಗು ‘ಯಾಕೆ ಆಗುವುದಿಲ್ಲ?’ ಎಂದು ತನ್ನನ್ನೇ ಕೇಳಿಕೊಳ್ಳುತ್ತದೆ. ಎಲ್ಲವನ್ನೂ ಕೂಡಿದರೆ 55. ಒಂದು ಸಂಖ್ಯೆಯ ಚಿಹ್ನೆಯನ್ನು ಕೂಡುವುದರಿಂದ ಕಳೆಯುವುದಕ್ಕೆ ತಿರುಗಿಸಿದರೆ ಮೊತ್ತ ಆ ಸಂಖ್ಯೆಯ ಎರಡರಷ್ಟು ಇಳಿಯುತ್ತದೆ, ಎಂದರೆ ಯಾವಾಗಲೂ ಸಮಸಂಖ್ಯೆಯಷ್ಟು. ಬೆಸಸಂಖ್ಯೆಯಿಂದ ಹೊರಟು ಸಮಸಂಖ್ಯೆಗಳ ಹೆಜ್ಜೆ ಹಾಕುತ್ತ ಹೋದರೆ ಸೊನ್ನೆಯ ಮೇಲೆ ಕಾಲಿಡಲು ಸಾಧ್ಯವೇ ಇಲ್ಲ. ಇಷ್ಟು ಹೊಳೆದ ಮಗುವಿಗೆ ಪರೀಕ್ಷಕರು ಮುಂದಿನ ಪ್ರಶ್ನೆ ಹಾಕುತ್ತಾರೆ: 11ರ ತನಕ ಬರೆದರೆ? ಈಗ ಮೊತ್ತ 66, ಸಮ. ಹಾಗಿದ್ದರೆ ಆಗುತ್ತದೆ ಎಂದು ಮಗು ಥಟ್ಟನೆ ಹೇಳಿಬಿಟ್ಟರೆ, ‘ಆಗಬಾರದೆಂಬ ಅಡ್ಡಿ ಹೋಯಿತು ಅಷ್ಟೆ, ಆಗುತ್ತದೆಂದು ಯಾರು ಹೇಳಿದರು, ಮಾಡಿ ತೋರಿಸು’ ಎನ್ನುತ್ತಾರೆ. 3, 9, 10, 11 ಇವನ್ನು ಕಳೆದು ಉಳಿದವನ್ನು ಕೂಡಿದರೆ ಸೊನ್ನೆ ಬರುತ್ತದೆ. ಆಮೇಲೆ 100ರ ತನಕ? ಯಾವ ಯಾವ ಸಂಖ್ಯೆಗೆ ಆಗುತ್ತದೆ? ಹತ್ತು ನಿಮಿಷದ ಈ ಮಾತುಕತೆಯಲ್ಲಿ ಕೋಚಿಂಗ್ ಸೆಂಟರಿನಲ್ಲಿ ಕಲಿತ ಸೂತ್ರಗಳಿಂದ ಹೆಚ್ಚಿನ ಉಪಯೋಗವಿಲ್ಲ. ಮಗು ತಡವರಿಸಿದರೂ ಅದರ ತಲೆ ಯಾವ ಕಡೆ ತಿರುಗುತ್ತದೆ ಎಂಬುದು ತಿಳಿಯುತ್ತದೆ.

ಮಾಸ್ಕೊದ 57ನೇ ನಂಬರಿನ ಶಾಲೆಯಲ್ಲಿ 1968ರಿಂದ ಗಣಿತದ ತರಗತಿಗಳನ್ನು ಕಟ್ಟಿದ ನಿಕೊಲಾಯ್ ಕೊನ್‌ಸ್ತಾಂತಿನೊವ್ ಈ ಮಾತುಕತೆಯನ್ನೇ ಇಡೀ ಶಿಕ್ಷಣದ ಕ್ರಮವಾಗಿಸಿದರು. ಪ್ರಶ್ನೆಗಳಿರುವ ಒಂದು ಹಾಳೆ ಕೊಡುವುದು, ಬಿಡಿಸಿದವರು ಕೈಯೆತ್ತುವುದು, ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಪಕ್ಕದಲ್ಲಿ ಕೂತು ಮಗುವಿನ ವಾದವನ್ನು ಕೇಳುವುದು, ಸರಿಯಿದ್ದರೆ ಪ್ಲಸ್, ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂದು ತೋರಿಸಿ ಮತ್ತೆ ಯೋಚಿಸಲು ಬಿಡುವುದು. ಪ್ರವೇಶದ ಸಂದರ್ಶನವೂ ಹೀಗೇ, ಹಲವು ಸಂಜೆಗಳಲ್ಲಿ. ಮೊದಲ ಸಂಜೆ ಹೆದರಿ ಬಾಯಿಬಿಡದ ಮಗುವಿಗೆ ಎರಡನೆಯ ಸಂಜೆ ಇರುತ್ತದೆ. ಇದಕ್ಕೆ ಜನ ಬೇಕು, ಬಹಳ ಜನ ಬೇಕು. ಒಂದು ಕೋಣೆಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ಐದಾರು ಯುವಕರು ಸಂಬಳದ ಚಿಂತೆ ಬಿಟ್ಟು ಬಂದು ಕೂರಬೇಕು. ತಾವೂ ಅಂಥ ಕೂಟಗಳಿಂದಲೇ ಬಂದವರಾದ್ದರಿಂದ ಅವರು ಬಂದರು. ರಷ್ಯಾದ ಗಣಿತ ಶಾಲೆಗಳ ಯಶಸ್ಸಿನ ಗುಟ್ಟನ್ನು ಪ್ರಶ್ನೆಪತ್ರಿಕೆಯಲ್ಲಿ ಹುಡುಕುವವರು ಈ ಯುವಕರನ್ನು ಮರೆಯುತ್ತಾರೆ.

ಫಲ ಏನು ಬಂತೆಂದು ಹೇಳುವುದು ಕಷ್ಟವಲ್ಲ. ಕೊಲ್ಮೊಗೊರೊವ್ ಶಾಲೆಯ ಮೊದಲ ಮಕ್ಕಳಲ್ಲಿ ಒಬ್ಬರಾದ ಯೂರಿ ಮತಿಯಸೆವಿಚ್ 1970ರಲ್ಲಿ, ತಮ್ಮ 22ನೇ ವಯಸ್ಸಿನಲ್ಲಿ, ಗಣಿತದ ಪ್ರಸಿದ್ಧ ಒಗಟುಗಳಲ್ಲೊಂದಾದ ಹಿಲ್ಬರ್ಟನ ಹತ್ತನೆಯ ಸಮಸ್ಯೆಯನ್ನು ಮುಗಿಸಿದರು. ಲೆನಿನ್‌ಗ್ರಾದಿನ 239ನೇ ಶಾಲೆಯಿಂದ ಹೆಸರಾಂತ ಗಣಿತಜ್ಞ ಗ್ರಿಗೊರಿ ಪೆರೆಲ್ಮನ್ ಬಂದರು. ಹದಿಹರೆಯದ ಮಕ್ಕಳಿಗೆ ಐದನೇ ಘಾತದ ಸಮೀಕರಣಕ್ಕೆ ಸಾಮಾನ್ಯ ಸೂತ್ರವಿಲ್ಲ ಎಂಬ ಆಬೆಲ್ ಪ್ರಮೇಯವನ್ನು ಗಣಿತಜ್ಞ ವ್ಲಾದಿಮಿರ್ ಆರ್ನಲ್ಡ್ 1963–64ರಲ್ಲಿ ಕೊಲ್ಮೊಗೊರೊವ್ ಶಾಲೆಯಲ್ಲಿ ಕಲಿಸಿದರು. ಕೇಳಿಸಿಕೊಂಡವರಲ್ಲೊಬ್ಬರು ಅದನ್ನೇ ಮುಂದೆ ಪುಸ್ತಕ ಮಾಡಿದರು. ಹಂಗೆರಿಯಲ್ಲಿ ಬುಡಾಪೆಸ್ಟಿನ ಫಾಜೆಕಾಷ್ ಶಾಲೆ 1962ರಲ್ಲಿ ತೆರೆದ ವಿಶೇಷ ಗಣಿತ ತರಗತಿಯಲ್ಲಿ ಮುಂದೆ ಗಣಿತಜ್ಞರಾದ ಲಾಸ್ಲೊ ಲೊವಾಸ್, ಲಾಯೊಷ್ ಪೋಷಾ ಇಬ್ಬರೂ ಒಟ್ಟಿಗೆ ಕೂತಿದ್ದರು. ಅವರಿಗಿಂತ ಬಹಳ ಮೊದಲು, 1894ರಲ್ಲಿ, ಹೈಸ್ಕೂಲು ಮಕ್ಕಳಿಗೆಂದು ಅಲ್ಲಿ ಆರಂಭವಾದ ಗಣಿತ ಮಾಸಪತ್ರಿಕೆ ಪ್ರತಿ ತಿಂಗಳು ಲೆಕ್ಕಗಳನ್ನು ಕೊಟ್ಟು ಮಕ್ಕಳ ಉತ್ತರ ತರಿಸಿಕೊಳ್ಳುತ್ತಿತ್ತು. ಶಾಲೆ ಹುಟ್ಟುವ ಹೊತ್ತಿಗೆ ಹುಡುಕುವ ಕೆಲಸ ಅಲ್ಲಿ ಎರಡು ತಲೆಮಾರು ಹಳೆಯದಾಗಿತ್ತು.

ಆದರೆ ಎದುರು ಕೂತು ಮಾತಾಡಿಸುವ ಪರೀಕ್ಷೆಗೆ ಕರಾಳ ಮುಖವೂ ಇದೆ, ಅದನ್ನು ಅದೇ ಮಾಸ್ಕೊ ತೋರಿಸಿತು. 1970 ಮತ್ತು 80ರ ದಶಕಗಳಲ್ಲಿ ಗಣಿತ ಶಾಲೆಗಳಿಂದ ಹೊರಬಂದ ಯಹೂದಿ ಮಕ್ಕಳು ಮಾಸ್ಕೊ ವಿಶ್ವವಿದ್ಯಾಲಯದ ಗಣಿತ ವಿಭಾಗಕ್ಕೆ ಅರ್ಜಿ ಹಾಕಿದರೆ, ಅವರನ್ನು ಬೇರೆ ಕೋಣೆಗಳಲ್ಲಿ ಕೂರಿಸಿ ಮೌಖಿಕ ಪರೀಕ್ಷೆಯಲ್ಲಿ ವಿಶೇಷವಾಗಿ ಹೆಣೆದ ಪ್ರಶ್ನೆಗಳನ್ನು ಹಾಕುತ್ತಿದ್ದರು. ಉತ್ತರ ಎರಡು ಸಾಲಿನದು, ಯಾರೂ ದೂರು ಕೊಡಲಾಗದು. ಆದರೆ ಅದು ಹೊಳೆಯಬೇಕಾದರೆ ದಿನಗಟ್ಟಲೆ ಬೇಕು. ಗಣಿತಜ್ಞ ಎಡ್ವರ್ಡ್ ಫ್ರೆಂಕೆಲ್ 1984ರಲ್ಲಿ ತಮಗಾದ ಇಂಥ ಪರೀಕ್ಷೆಯನ್ನು ವಿವರವಾಗಿ ಬರೆದಿದ್ದಾರೆ. ಹೀಗೆ ಹೊರದೂಡಿದವರಿಗೆ ಗಣಿತಜ್ಞೆ ಬೆಲ್ಲಾ ಸುಬ್ಬೊತೊವ್ಸ್ಕಯಾ 1978ರಿಂದ ತಮ್ಮ ಪುಟ್ಟ ಮನೆಯಲ್ಲೇ ಪಾಠಗಳನ್ನು ಏರ್ಪಡಿಸಿದರು. ಹೆಸರಾಂತ ಗಣಿತಜ್ಞರು ಬಂದು ಕಲಿಸಿದರು. ಮಗುವಿನ ಯೋಚನೆಯನ್ನು ಅರಿಯಲು ಕಂಡುಕೊಂಡ ಸಾಧನವೇ ಮಗುವಿನ ಹೆಸರು ನೋಡಿ ಹೊಡೆಯುವ ಆಯುಧವಾಯಿತು. ಹಾಗಾಗಿ ಸಂದರ್ಶನವನ್ನು ಒಪ್ಪುವವರು ಅದರ ಜತೆಗೆ ಕಾವಲನ್ನೂ ಕೇಳಬೇಕು: ಒಬ್ಬರಿಗಿಂತ ಹೆಚ್ಚು ಪರೀಕ್ಷಕರು, ಕೇಳಿದ ಪ್ರಶ್ನೆಗಳ ದಾಖಲೆ, ಎಲ್ಲರಿಗೂ ಒಂದೇ ಪ್ರಶ್ನೆಗಳ ಹಾಳೆ.

ಅಮೆರಿಕದಲ್ಲಿ ಲಿಖಿತ ಪರೀಕ್ಷೆಯನ್ನು ಬಿಗಿಯಾಗಿ ಹಿಡಿದುಕೊಂಡವರ ವಾದ ಅರ್ಥವಾಗುವುದು ಇಲ್ಲೇ. ನ್ಯೂಯಾರ್ಕಿನ ಸ್ಟೈವೆಸಂಟ್, ಬ್ರಾಂಕ್ಸ್ ಸೈನ್ಸ್ ಶಾಲೆಗಳಿಗೆ ಒಂದೇ ಪರೀಕ್ಷೆಯ ಅಂಕದ ಮೇಲೆ ಪ್ರವೇಶವೆಂದು 1971ರಲ್ಲಿ ಕಾನೂನೇ ಆಯಿತು. ಉತ್ತರಪತ್ರಿಕೆಗೆ ಮುಖವಿಲ್ಲ, ವಶೀಲಿ ನಡೆಯುವುದಿಲ್ಲ. ಹಿಂದಿನ ದಿನ ಹಡಗಿನಿಂದಿಳಿದ ವಲಸೆಗಾರನ ಮಗ ಕೂಡ ಒಳಗೆ ಹೋಗಬಹುದು. ಹಾಗೆ ಹೋದವರು ಸಾವಿರಾರು ಮಂದಿ. ಆದರೂ 2019ರಲ್ಲಿ ಸ್ಟೈವೆಸಂಟ್ ಶಾಲೆ ಕೊಟ್ಟ 895 ಸೀಟುಗಳಲ್ಲಿ ಕಪ್ಪು ಮಕ್ಕಳಿಗೆ ಸಿಕ್ಕಿದ್ದು 7. ಮುಖವಿಲ್ಲದ ಉತ್ತರಪತ್ರಿಕೆಗೂ ವಿಳಾಸವಿರುತ್ತದೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಯಾವ ಬೀದಿಯಲ್ಲಿ ಕೋಚಿಂಗ್ ಇದೆ, ಯಾವ ಮನೆಯಲ್ಲಿ ಅದಕ್ಕೆ ದುಡ್ಡಿದೆ, ಯಾವ ಶಾಲೆಯಲ್ಲಿ ಆ ಪರೀಕ್ಷೆಯ ಸುದ್ದಿಯಾದರೂ ಮಕ್ಕಳ ಕಿವಿಗೆ ಬೀಳುತ್ತದೆ ಎಂಬುದೆಲ್ಲ ಆ ಉತ್ತರಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ.

ಅಮೆರಿಕದ ಇಂಥದೇ ಇನ್ನೊಂದು ಶಾಲೆ, ವರ್ಜೀನಿಯಾದ ಥಾಮಸ್ ಜೆಫರ್ಸನ್ ಶಾಲೆಯ ಕಥೆ ಅಲ್ಲಿನ ಭಾರತೀಯ ಕುಟುಂಬಗಳಿಗೆ, ಕನ್ನಡಿಗರಿಗೂ ಸೇರಿ, ಚೆನ್ನಾಗಿ ಗೊತ್ತು. 2020ರ ಕೊನೆಗೆ ಅದು ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟು, ಸುತ್ತಲಿನ ಪ್ರತಿ ಮಾಧ್ಯಮಿಕ ಶಾಲೆಯ ಮೇಲಿನ ಶೇ 1.5 ಮಕ್ಕಳಿಗೆ ಜಾಗ ಕಾದಿರಿಸಿತು. ಮೊದಲ ವರ್ಷವೇ ಏಷ್ಯಾ ಮೂಲದ ಮಕ್ಕಳ ಪಾಲು ಶೇ 73ರಿಂದ 54ಕ್ಕೆ ಇಳಿಯಿತು. ಬಡ ಮನೆಗಳ ಮಕ್ಕಳು ಶೇ 1ಕ್ಕೂ ಕಡಿಮೆ ಇದ್ದವರು ಕಾಲು ಭಾಗದಷ್ಟಾದರು. ಪೋಷಕರು ಕೋರ್ಟಿಗೆ ಹೋದರು, 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಶಾಲೆಯ ಪರ ತೀರ್ಪಿತ್ತಿತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೈಹಾಕಲು ಒಪ್ಪಲಿಲ್ಲ. ಮಕ್ಕಳಿಗಾಗಿ ವರ್ಷಗಟ್ಟಲೆ ದುಡಿದ ಪೋಷಕರ ಸಂಕಟ ಸುಳ್ಳಲ್ಲ. ಪ್ರತಿ ಶಾಲೆಗೂ ಪಾಲು ಕೊಡಬೇಕೆಂಬ ಯೋಚನೆಯೂ ನ್ಯಾಯವಾದದ್ದೇ. ನನ್ನ ತಕರಾರು ಬೇರೆ. ಪರೀಕ್ಷೆ ತೆಗೆದು ಅದರ ಜಾಗದಲ್ಲಿ ಶಾಲೆಯ ಅಂಕ ಮತ್ತು ಪ್ರಬಂಧ ಇಟ್ಟರೆ ಗಣಿತದ ಮಗು ಸಿಕ್ಕಿಬಿಡುವುದಿಲ್ಲ. ಗಣಿತದಲ್ಲಿ ಮುಳುಗಿ ಮಿಕ್ಕ ವಿಷಯಗಳಲ್ಲಿ ಸಾಧಾರಣವಾಗಿರುವ ಮಗು, ತನ್ನ ಬಗ್ಗೆ ಬರೆಯಲು ಬಾರದ ಮಗು ಇಂಥ ಕಡೆ ಮತ್ತೆ ಹೊರಗುಳಿಯುತ್ತದೆ.

ಇನ್ನೊಂದು ವಿಚಾರ ಪೋಷಕರ ಎದೆಭಾರ ಇಳಿಸಬಹುದು. ಬಾಸ್ಟನ್ ಮತ್ತು ನ್ಯೂಯಾರ್ಕಿನ ಇಂಥ ಶಾಲೆಗಳ ಕಟ್-ಆಫ್ ಗೆರೆಯ ತುಸು ಮೇಲೆ ನಿಂತು ಒಳಬಂದವರನ್ನೂ ತುಸು ಕೆಳಗೆ ನಿಂತು ಹೊರಗುಳಿದವರನ್ನೂ ಅರ್ಥಶಾಸ್ತ್ರಜ್ಞರಾದ ಅಬ್ದುಲ್‌ಕಾದಿರೊಲು, ಆಂಗ್ರಿಸ್ಟ್, ಪಾಠಕ್ 2014ರ ಅಧ್ಯಯನದಲ್ಲಿ ಹೋಲಿಸಿ ನೋಡಿದರು. ಮುಂದಿನ ಪರೀಕ್ಷೆಗಳ ಅಂಕದಲ್ಲಾಗಲಿ ಸೇರಿದ ಕಾಲೇಜಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಅಂಕಕ್ಕೆ ಸೀಟು ತಪ್ಪಿತೆಂದು ಅಳುವ ಮಗುವಿನ ಭವಿಷ್ಯ ಆ ಅಂಕದಲ್ಲಿ ಮುಳುಗಿಲ್ಲ. ಹಾಗೆಂದು ಶಾಲೆಯೇ ವ್ಯರ್ಥವೆಂದು ಇದರಿಂದ ತೀರ್ಮಾನಿಸುವುದು ಅವಸರ. ಗೆರೆಯ ಹತ್ತಿರದ ಮಕ್ಕಳಿಗೆ ಆಗದ ಉಪಯೋಗ, ಊರಲ್ಲಿ ಮಾತಾಡಲು ಜತೆಗಾರರೇ ಇಲ್ಲದ ಮಗುವಿಗೆ ಆಗಬಹುದು. ಅಂಥ ಮಗುವಿಗೆ ಶಾಲೆ ಕೊಡುವುದು ಮುಖ್ಯವಾಗಿ ಗೆಳೆಯರನ್ನು. ಅದನ್ನು ಅಂಕಪಟ್ಟಿ ತೋರಿಸುವುದಿಲ್ಲ.

ಯಾರಿಗೆ ಪರೀಕ್ಷೆ ಬರೆಯಲು ಕರೆ ಬರುತ್ತದೆ ಎಂಬುದು ಪರೀಕ್ಷೆಯಷ್ಟೇ ದೊಡ್ಡ ವಿಷಯ. ಫ್ಲಾರಿಡಾದ ಬ್ರೋವರ್ಡ್ ಜಿಲ್ಲೆಯಲ್ಲಿ ಪ್ರತಿಭಾವಂತ ಮಕ್ಕಳ ತರಗತಿಗೆ ಮೇಷ್ಟರೋ ಪೋಷಕರೋ ಹೆಸರು ಸೂಚಿಸಬೇಕಿತ್ತು. 2005ರಿಂದ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಪರೀಕ್ಷೆ ಕೊಟ್ಟರು. ಬಡ ಮಕ್ಕಳ, ಕಪ್ಪು ಮಕ್ಕಳ ಸಂಖ್ಯೆ ಒಮ್ಮೆಲೇ ಏರಿತು. ಮುಂದೆ ದುಡ್ಡಿಲ್ಲವೆಂದು ಆ ಕ್ರಮ ನಿಲ್ಲಿಸಿದಾಗ ಸಂಖ್ಯೆ ಮತ್ತೆ ಬಿತ್ತು. ಹೆಣ್ಣುಮಕ್ಕಳ ಮಾತೂ ಹೀಗೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿ 1972ರಿಂದ ಹನ್ನೆರಡು ಹದಿಮೂರರ ಮಕ್ಕಳಿಗೆ ಕಾಲೇಜು ಪ್ರವೇಶದ ಗಣಿತ ಪರೀಕ್ಷೆ ಕೊಟ್ಟು ಪ್ರತಿಭೆ ಹುಡುಕಿದರು. ಅದರಲ್ಲಿ 700 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರಲ್ಲಿ 1980ರ ದಶಕದ ಆರಂಭದಲ್ಲಿ ಒಬ್ಬ ಹುಡುಗಿಗೆ 13 ಹುಡುಗರಿದ್ದರು. ಮುಂದಿನ ದಶಕದಲ್ಲಿ ಅದು ಒಬ್ಬಳಿಗೆ ಸುಮಾರು ನಾಲ್ವರಿಗೆ ಇಳಿಯಿತು. ಅಷ್ಟರಲ್ಲಿ ಹುಡುಗಿಯರ ಮಿದುಳು ಬದಲಾಗಿರಲು ಸಾಧ್ಯವಿಲ್ಲ. ಬದಲಾದದ್ದು ಅವರಿಗೆ ಸಿಕ್ಕ ಪಾಠ ಮತ್ತು ಧೈರ್ಯ.

ನಮ್ಮಲ್ಲಿ ಗಣಿತಕ್ಕೆಂದೇ ಇಂಥ ಸರ್ಕಾರಿ ಶಾಲೆ ಇಲ್ಲ. ಹತ್ತಿರ ಬರುವುದು 1986ರಲ್ಲಿ ಶುರುವಾದ ನವೋದಯ ವಿದ್ಯಾಲಯಗಳು. ಆರನೇ ತರಗತಿಗೆ ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು. ಎರಡು ಗಂಟೆ, 80 ಪ್ರಶ್ನೆ. ಮಾನಸಿಕ ಸಾಮರ್ಥ್ಯ, ಅಂಕಗಣಿತ, ಭಾಷೆ. ಕನ್ನಡದಲ್ಲೇ ಬರೆಯಬಹುದು. ಕನಿಷ್ಠ ಶೇ 75 ಸೀಟು ಹಳ್ಳಿಯ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಈ ಎರಡು ನಿಯಮಗಳು ನ್ಯೂಯಾರ್ಕಿಗೆ ಇಂದಿಗೂ ಸಾಧ್ಯವಾಗದ್ದನ್ನು ನಮ್ಮ ತಾಲ್ಲೂಕುಗಳಲ್ಲಿ ಮಾಡಿವೆ, ಅದಕ್ಕೆ ಕೈಮುಗಿಯಬೇಕು. ಆದರೆ ಒಂದು ಮಗುವಿಗೆ ಒಂದೇ ಅವಕಾಶ. ಆ ಬೆಳಿಗ್ಗೆ ಜ್ವರ ಬಂದರೆ ಮುಗಿಯಿತು. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗಳಲ್ಲಿ ನವೋದಯ ಗೈಡುಗಳ ರಾಶಿ ನೋಡಿದರೆ ಚಿತ್ರಗಳ ಸಾಲು ತುಂಬುವ ಪ್ರಶ್ನೆಗಳೂ ಬಾಯಿಪಾಠದ ವಸ್ತುವಾಗಿರುವುದು ಗೊತ್ತಾಗುತ್ತದೆ. ಇನ್ನೊಂದು ಕಡೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಜೆ. ವೆಂಕಟಾಚಲ, ಸಿ.ಆರ್. ಪ್ರಾಣೇಶಾಚಾರ್ ಮೊದಲಾದವರು ದೇಶದ ಒಲಿಂಪಿಯಾಡ್ ತಂಡಗಳನ್ನು ದಶಕಗಳ ಕಾಲ ತಯಾರು ಮಾಡಿದರು. ಆ ಮಟ್ಟದ ಗಣಿತ ನಮ್ಮ ಊರಲ್ಲೇ ಇತ್ತು. ಆದರೆ ಸರ್ಕಾರಿ ಹೈಸ್ಕೂಲಿನ ಕನ್ನಡ ಮಾಧ್ಯಮದ ಹುಡುಗಿ ಅಲ್ಲಿಗೆ ಹೋಗುವ ದಾರಿ ಬಹಳ ಕಿರಿದು.

ಆ ದಾರಿ ಅಗಲವಾಗಲು ಹೊಸ ಕಟ್ಟಡ ಬೇಕಿಲ್ಲ ಎನ್ನುವುದಕ್ಕೆ ಗಣಿತಜ್ಞ ಇಸ್ರೇಲ್ ಗೆಲ್ಫಾಂಡ್ 1964ರಲ್ಲಿ ಮಾಸ್ಕೊದಲ್ಲಿ ಶುರುಮಾಡಿದ ಅಂಚೆ ಗಣಿತ ಶಾಲೆ ಸಾಕ್ಷಿ. ಪ್ರವೇಶಕ್ಕೆ ಕೆಲವು ಲೆಕ್ಕ. ಸಮಯದ ಮಿತಿ ಇಲ್ಲ. ಸೇರಿದವರಿಗೆ ಪುಟ್ಟ ಪುಸ್ತಕಗಳೂ ಪ್ರಶ್ನೆಗಳೂ ಅಂಚೆಯಲ್ಲಿ ಹೋಗುತ್ತಿದ್ದವು. ಉತ್ತರಗಳನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಿದ್ದಿ, ಎಲ್ಲಿ ಎಡವಿದೆಯೆಂದು ಬರೆದು ವಾಪಸ್ ಕಳಿಸುತ್ತಿದ್ದರು. ಅದರಲ್ಲಿ ‘ಸಾಮೂಹಿಕ ವಿದ್ಯಾರ್ಥಿ’ ಎಂಬ ಏರ್ಪಾಡೂ ಇತ್ತು: ಒಂದು ಹಳ್ಳಿ ಶಾಲೆಯ ಕೆಲವು ಮಕ್ಕಳು ತಮ್ಮ ಮೇಷ್ಟರ ಜತೆ ಸೇರಿ ಒಬ್ಬನೇ ವಿದ್ಯಾರ್ಥಿಯ ಹಾಗೆ ಹೆಸರು ನೋಂದಾಯಿಸಬಹುದಿತ್ತು, ಒಟ್ಟಿಗೆ ಯೋಚಿಸಿ ಒಂದೇ ಉತ್ತರ ಕಳಿಸಬಹುದಿತ್ತು. ಯಾರನ್ನೂ ಊರು ಬಿಡಿಸದೆ, ಮೇಷ್ಟರನ್ನೂ ಕಲಿಯುವವರ ಸಾಲಿನಲ್ಲಿ ಕೂರಿಸಿದ ಈ ಯೋಜನೆ ನಮಗೆ ಹೇಳಿ ಮಾಡಿಸಿದಂತಿದೆ. ನವೋದಯದ ಪರೀಕ್ಷೆಗೆ ಮೊದಲು ಒಂದು ವರ್ಷ ಕನ್ನಡದಲ್ಲಿ ಇಂಥ ಹಾಳೆಗಳು ಪ್ರತಿ ಸರ್ಕಾರಿ ಶಾಲೆಗೆ ಹೋಗಿ, ನಮ್ಮ ವಿಶ್ವವಿದ್ಯಾಲಯಗಳ ಎಂ.ಎಸ್‌ಸಿ. ವಿದ್ಯಾರ್ಥಿಗಳು ಅವನ್ನು ತಿದ್ದಿ ಮಕ್ಕಳಿಗೆ ಉತ್ತರ ಬರೆಯುವಂತಾದರೆ, ರಜೆಯಲ್ಲಿ ಜಿಲ್ಲೆಗೊಂದು ಶಿಬಿರ ನಡೆದರೆ, ಹುಡುಕುವ ಕೆಲಸ ಆಗಲೇ ಅರ್ಧ ಮುಗಿದಿರುತ್ತದೆ. ಸೀಟು ಸಿಗದ ಮಕ್ಕಳ ಕೈಯಲ್ಲೂ ಒಂದು ವರ್ಷದ ಗಣಿತ ಉಳಿದಿರುತ್ತದೆ.